ಅಂಕ ಹೆಜ್ಜೆಗೆ ಸಿಗಲಿ, ಬೆರಳಿಗಲ್ಲ

(ಕುರುಡುಮಲೆಯಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಈ ಊರಿಗೆ ಬರುವವರೆಲ್ಲ ಇಲ್ಲಿನ ಏಕಶಿಲಾ ಗಣಪತಿಯ ಬಗ್ಗೆ ಕೇಳಿಕೊಂಡೇ ಬರುತ್ತಾರೆ. ಆದರೆ ಇಲ್ಲಿನ ಸೋಮೇಶ್ವರ ದೇವಾಲಯದ ಕುರಿತು ಜನರು ಹೇಳುವ ಇನ್ನೊಂದು ಐತಿಹ್ಯವಿದೆ. ಆ ಕಟ್ಟಡದ ಒಂದು ಭಾಗವನ್ನು ಜಕಣಾಚಾರಿಯೂ ಮತ್ತೊಂದು ಭಾಗವನ್ನು ಆತನ ಮಗ ಡಂಕಣನೂ ಕೆತ್ತಿದರಂತೆ. ಇದು ಚರಿತ್ರೆಯ ಒರೆಗಲ್ಲಿಗೆ ನಿಲ್ಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆದರೆ ಆ ಕಥೆಯೊಳಗೆ ಒಂದು ಸಾಮಾಜಿಕ ಸತ್ಯ ಅಡಗಿದೆ. ಅಂದಿನ ಮಗ ವೃತ್ತಿಯನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಮನೆಯ ಅಂಗಳದಲ್ಲೇ ಇತ್ತು. ಉಳಿಯ ಸದ್ದು ಕೇಳುತ್ತಲೇ ಬೆಳೆದ ಹುಡುಗ ಕಲ್ಲು ಕೆತ್ತುವುದನ್ನು ಕಣ್ಣಾರೆ ಕಂಡು ಕಲಿತ.

ಇಂದು ಪರಿಸ್ಥಿತಿ ಹಾಗಿಲ್ಲ. ಈ ಊರಿನ ಹತ್ತನೆಯ ತರಗತಿಯ ವಿದ್ಯಾರ್ಥಿಯ ಕಣ್ಣಿಗೆ ಕಾಣುವ ವೃತ್ತಿಗಳನ್ನು ಎಣಿಸಿ ನೋಡಿ. ಅಧ್ಯಾಪಕರು, ದಾದಿ, ಪೊಲೀಸ್, ಬಸ್ ನಿರ್ವಾಹಕ, ಅಂಗಡಿಯವರು, ಟೊಮೆಟೊ ಬೆಳೆಗಾರ, ಹೆದ್ದಾರಿಯ ಬದಿಯ ಗ್ಯಾರೇಜಿನವರು. ಎರಡು ಕೈಗಳ ಬೆರಳು ಮುಗಿಯುವುದರೊಳಗೆ ಪಟ್ಟಿ ಮುಗಿಯುತ್ತದೆ. ಅದೇ ಹೆದ್ದಾರಿಯಲ್ಲಿ ನರಸಾಪುರದ ಕಾರ್ಖಾನೆಗಳಿಗೆ ಯುವಕ ಯುವತಿಯರನ್ನು ತುಂಬಿಕೊಂಡ ಬಸ್ಸುಗಳು ಓಡಾಡುತ್ತವೆ. ಅವರ ಸಮವಸ್ತ್ರ ಮಾತ್ರ ನಮಗೆ ಕಾಣುತ್ತದೆ. ಅವರು ಅಲ್ಲಿಗೆ ಯಾವ ದಾರಿಯಿಂದ ತಲುಪಿದರು, ಒಳಗೆ ಏನು ಮಾಡುತ್ತಾರೆ, ಐದು ವರ್ಷಗಳ ನಂತರ ಎಲ್ಲಿರುತ್ತಾರೆ ಎಂಬುದು ಕಾಣುವುದಿಲ್ಲ. ಕಾಣದ್ದನ್ನು ಮಗು ಬಯಸುವುದಾದರೂ ಹೇಗೆ?

ಕಾಣದ ದಾರಿಗಳನ್ನು ಕಾಣುವಂತೆ ಮಾಡಬೇಕೆಂಬ ಆಸೆಯಿಂದ ನಾವು ಕೆಲವರು, ಅಂದರೆ ಕೆಲವು ಅಧ್ಯಾಪಕರು ಮತ್ತು ಗಣಕಯಂತ್ರ ಬಲ್ಲ ಕೆಲವು ಯುವಕರು ಸೇರಿ, ಆಟದ ರೂಪದಲ್ಲಿ ಒಂದು ಮೊಬೈಲ್ ಆ್ಯಪ್ ವಿನ್ಯಾಸಗೊಳಿಸಲು ಹೊರಟಿದ್ದೇವೆ. ಅದು ಇನ್ನೂ ಸಿದ್ಧವಾಗಿಲ್ಲ. ಸಿದ್ಧವಾಗುವ ಮುನ್ನವೇ ನಿಮ್ಮ ಮುಂದೆ ಬಂದಿರುವುದಕ್ಕೆ ಕಾರಣವಿದೆ. ಇಂತಹ ಸಾಧನವನ್ನು ನಿರ್ಮಿಸುವಾಗ ಎಲ್ಲಿ ಎಡವಬಹುದೆಂಬುದನ್ನು ನಾವು ಸ್ವತಃ ಎಡವಿಯೇ ಕಲಿತಿದ್ದೇವೆ. ಅದನ್ನು ನಿಮ್ಮಿಂದ ಮುಚ್ಚಿಟ್ಟು ಆ್ಯಪ್‌ನ ಗುಣಗಾನ ಮಾಡುವುದು ಪ್ರಾಮಾಣಿಕತೆಯಾಗದು.

ಮೊದಲನೆಯದಾಗಿ, ಇಷ್ಟು ಗಂಭೀರವಾದ ವಿಷಯಕ್ಕೆ ಆಟವೇಕೆ ಎಂಬ ಪ್ರಶ್ನೆ ನಿಮ್ಮಲ್ಲಿ ಹಲವರಿಗೆ ಮೂಡಿರಬಹುದು. ಮಕ್ಕಳು ಈಗಾಗಲೇ ಮೊಬೈಲ್‌ನಲ್ಲಿ ಮುಳುಗಿದ್ದಾರೆ, ಇನ್ನೊಂದು ಆಟ ಕೊಟ್ಟು ಇನ್ನಷ್ಟು ಮುಳುಗಿಸುತ್ತೀರಾ ಎಂದು ತಾಯಂದಿರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಆಟದ ಮೂಲಕ ಬದುಕಿನ ದಾರಿ ತೋರುವುದು ಮೊಬೈಲ್ ಕಂಪೆನಿಗಳ ಆವಿಷ್ಕಾರವೇನಲ್ಲ. ನಮ್ಮ ಮನೆಗಳಲ್ಲಿ ಆಡುವ ಹಾವು ಏಣಿ ಆಟ ಮೂಲದಲ್ಲಿ ನೀತಿಪಾಠದ ಪಟವಾಗಿತ್ತು. ಒಳ್ಳೆಯ ಗುಣ ಏಣಿಯಾಗಿ ಮೇಲಕ್ಕೊಯ್ಯುತ್ತಿತ್ತು, ದುರ್ಗುಣ ಹಾವಾಗಿ ಕೆಳಕ್ಕಿಳಿಸುತ್ತಿತ್ತು. ದಕ್ಷಿಣದಲ್ಲಿ ಅದು ಪರಮಪದ ಸೋಪಾನಪಟ ಎಂಬ ಹೆಸರಿನಲ್ಲಿ ಪ್ರಚಲಿತವಿತ್ತು. ಸೂಫಿ ಪರಂಪರೆಯಲ್ಲೂ ಇದೇ ಬಗೆಯ ಪಟವಿದೆ, ಅದರ ಮನೆಗಳಲ್ಲಿ ಸಾಧಕನ ಮನಃಸ್ಥಿತಿಗಳ ಹೆಸರುಗಳಿವೆ. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಈ ಆಟ ಕ್ರಮೇಣ ನೀತಿಯನ್ನು ಕಳೆದುಕೊಂಡು ಬರೀ ದಾಳದ ಆಟವಾಯಿತು. ಆದ್ದರಿಂದ ಪ್ರಶ್ನೆ ಆಟ ಬೇಕೋ ಬೇಡವೋ ಎಂಬುದಲ್ಲ. ಆ ಪಟದಲ್ಲಿ ಏಣಿ ಯಾವುದು, ಹಾವು ಯಾವುದು, ಅದನ್ನು ನಿರ್ಧರಿಸುವವರು ಯಾರು ಎಂಬುದೇ ಪ್ರಶ್ನೆ.

ಆಟಕ್ಕೆ ಇನ್ನೊಂದು ಶಕ್ತಿಯಿದೆ. ಅದು ತಪ್ಪು ಮಾಡುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಉಳ್ಳವರ ಮಗ ಪಿಯುಸಿಯಲ್ಲಿ ವಿಜ್ಞಾನ ಆರಿಸಿಕೊಂಡು ಅದು ತನಗೆ ಒಗ್ಗದೆಂದು ಅರಿತರೆ ಒಂದು ವರ್ಷ ಕಳೆದುಕೊಂಡು ಬೇರೆ ದಾರಿ ಹಿಡಿಯುತ್ತಾನೆ. ಕೂಲಿಕಾರನ ಮಗಳಿಗೆ ಆ ಒಂದು ವರ್ಷವೆಂದರೆ ಓದಿಗೇ ಪೂರ್ಣವಿರಾಮ. ಬಡವರ ಮಕ್ಕಳಿಗೆ ಬದುಕು ಎರಡನೆಯ ಅವಕಾಶವನ್ನು ಕೊಡುವುದು ಕಡಿಮೆ. ಆದರೆ ಆಟದಲ್ಲಿ ಆಕೆ ವಿಜ್ಞಾನದ ದಾರಿಯಲ್ಲಿ ನಡೆದು ನೋಡಬಹುದು. ಎಷ್ಟು ವರ್ಷ, ಎಷ್ಟು ಖರ್ಚು, ಯಾವ ಪರೀಕ್ಷೆ ಎಂಬುದನ್ನು ಕಂಡು, ಹಿಂದಿರುಗಿ ಬಂದು, ಐಟಿಐ ದಾರಿಯಲ್ಲಿ ನಡೆದು ನೋಡಬಹುದು. ಪಾಲಿಟೆಕ್ನಿಕ್ ದಾರಿಯನ್ನೂ ನೋಡಬಹುದು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಿರ್ಧಾರಕ್ಕೆ ಸಿಗುವುದು ಕೆಲವೇ ದಿನಗಳು. ಆ ದಿನಗಳಲ್ಲಿ ಗೆಳತಿ ಎಲ್ಲಿ ಸೇರಿದಳೋ ಅಲ್ಲಿಗೇ ಸೇರುವುದು ರೂಢಿ. ಎಂಟನೆಯ ತರಗತಿಯಿಂದಲೇ ದಾರಿಗಳಲ್ಲಿ ನಡೆದಾಡಿದ ಮಗು ಆ ದಿನ ಗಾಬರಿಗೊಳ್ಳಲಾರದು.

ಇನ್ನು ನಮ್ಮ ತಪ್ಪಿನ ವಿಷಯಕ್ಕೆ ಬರೋಣ.

ನಮ್ಮ ಮೊದಲ ವಿನ್ಯಾಸ ಈ ಕಾಲದ ಎಲ್ಲ ಆ್ಯಪ್‌ಗಳಂತೆಯೇ ಇತ್ತು. ದಿನವೂ ತೆರೆದರೆ ಅಂಕ, ಒಂದು ಪ್ರಶ್ನೆಗೆ ಉತ್ತರಿಸಿದರೆ ಅಂಕ, ಏಳು ದಿನ ಬಿಡದೆ ಬಂದರೆ ಪದಕ, ವಾರದ ಕೊನೆಗೆ ಎಲ್ಲರ ಹೆಸರುಗಳ ಶ್ರೇಯಾಂಕ ಪಟ್ಟಿ. ಅದನ್ನು ಆ್ಯಪ್ ಆಗಿಸುವ ಮೊದಲು ರಟ್ಟಿನ ಹಾಳೆಯ ಮೇಲೆ ಬರೆದು, ಕಾಗದದ ಚೀಟಿಗಳನ್ನಿಟ್ಟು ಕೆಲವು ಮಕ್ಕಳೊಂದಿಗೆ ಆಡಿಸಿ ನೋಡಿದೆವು. ಮೊದಲ ದಿನ ಎಲ್ಲಿಲ್ಲದ ಉತ್ಸಾಹ. ನಮಗೂ ಹಿಗ್ಗು. ಮೂರನೆಯ ಬಾರಿ ಸೇರಿದಾಗ ಪಟ್ಟಿಯ ಕೊನೆಯಲ್ಲಿದ್ದ ಹುಡುಗ ಬರಲಿಲ್ಲ. ವಿಚಾರಿಸಿದಾಗ, ಶಾಲೆಯಲ್ಲಿ ಹೇಗೂ ಕೊನೆಯವನು, ಇಲ್ಲಿಯೂ ಕೊನೆಯವನಾಗಲು ಯಾಕೆ ಬರಬೇಕು ಎಂದನಂತೆ. ಮೇಲಿನ ಸ್ಥಾನದಲ್ಲಿದ್ದ ಹುಡುಗಿಯನ್ನು ಕರೆದು, ಇಷ್ಟು ಅಂಕ ಗಳಿಸಿದೆಯಲ್ಲ, ಪಾಲಿಟೆಕ್ನಿಕ್‌ಗೆ ಯಾವಾಗ ಅರ್ಜಿ ಹಾಕಬೇಕು ಎಂದು ಕೇಳಿದೆವು. ಆಕೆಗೆ ತಿಳಿದಿರಲಿಲ್ಲ. ಅಂಕ ಗಳಿಸುವುದನ್ನು ಆಕೆ ಚೆನ್ನಾಗಿ ಕಲಿತಿದ್ದಳು. ಅದಕ್ಕಿಂತ ಹೆಚ್ಚಿನದನ್ನು ನಾವು ಕಲಿಸಿರಲಿಲ್ಲ.

ಯಾರಿಗೆ ದಾರಿ ಅತ್ಯಂತ ಅಗತ್ಯವಿತ್ತೋ ಅವನನ್ನೇ ನಮ್ಮ ಆಟ ಹೊರಗಟ್ಟಿತ್ತು. ಇದಕ್ಕಿಂತ ದೊಡ್ಡ ಆತ್ಮವಿಮರ್ಶೆಯ ಕ್ಷಣ ನಮಗೆ ಬೇರೊಂದಿಲ್ಲ.

ವಾಸ್ತವದಲ್ಲಿ ಈ ಅಪಾಯವನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಎತ್ತಿ ತೋರಿಸಿದ್ದರು. 1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಸಂಶೋಧಕರು ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧವಾಗಿದೆ. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುವ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಲಾಯಿತು. ಕೆಲವು ದಿನಗಳ ಬಳಿಕ ಗಮನಿಸಿದಾಗ, ಪ್ರಶಸ್ತಿಯ ಆಸೆಯಿಂದ ಬಿಡಿಸಿದ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸಲು ಕಳೆಯುತ್ತಿದ್ದ ಸಮಯ ಇತರ ಮಕ್ಕಳಿಗಿಂತ ಕಡಿಮೆಯಾಗಿತ್ತು. ಹೇಳದೆಯೇ ಪ್ರಶಸ್ತಿ ಪಡೆದವರಲ್ಲಿ ಈ ಕುಸಿತ ಕಾಣಲಿಲ್ಲ. ಅಂದರೆ, ಸಹಜವಾಗಿ ಇದ್ದ ಆಸಕ್ತಿಗೆ ನಾವು ಬೆಲೆ ಕಟ್ಟಿದರೆ, ಬೆಲೆ ನಿಂತ ದಿನ ಆಸಕ್ತಿಯೂ ಕುಂದಬಹುದು. ಮನೆಯಲ್ಲಿ ಪ್ರತಿಯೊಂದಕ್ಕೂ ಬಹುಮಾನದ ಆಮಿಷ ಒಡ್ಡುವ ಪೋಷಕರೂ ಇದನ್ನು ಗಮನಿಸಬೇಕಾಗಿದೆ.

ಆದ್ದರಿಂದ ನಾವು ಪಟವನ್ನು ಹರಿದು ಹೊಸದಾಗಿ ಬರೆದೆವು. ಹೊಸ ನಿಯಮ ಒಂದೇ. ಪರದೆಯ ಮೇಲೆ ಬೆರಳಾಡಿಸಿದ್ದಕ್ಕೆ ಅಂಕವಿಲ್ಲ, ಪರದೆಯ ಹೊರಗೆ ಇಟ್ಟ ಹೆಜ್ಜೆಗೆ ಮಾತ್ರ ಅಂಕ. ಶ್ರೇಯಾಂಕ ಪಟ್ಟಿ ಇಲ್ಲವೇ ಇಲ್ಲ. ಒಬ್ಬರನ್ನು ಸೋಲಿಸಿ ಮತ್ತೊಬ್ಬರು ಮುಂದೆ ಹೋಗುವುದಿಲ್ಲ. ನಾಲ್ಕೈದು ಮಂದಿ ಒಂದು ತಂಡವಾಗಿ ಆಡುತ್ತಾರೆ, ಹಿಂದುಳಿದವನನ್ನು ಜತೆಗೆ ಕರೆದುಕೊಂಡು ಹೋದರಷ್ಟೇ ತಂಡ ಮುಂದಿನ ಮನೆಗೆ ಹೋಗುತ್ತದೆ.

ಹೆಜ್ಜೆ ಎಂದರೇನು? ಕೆಲವು ಉದಾಹರಣೆಗಳನ್ನು ಕೊಡುತ್ತೇವೆ.

ಮೊದಲ ಮನೆ: ನಿನ್ನ ಹೆಸರು ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಮತ್ತು ಬ್ಯಾಂಕಿನ ಪುಸ್ತಕದಲ್ಲಿ ಒಂದೇ ರೀತಿ ಇದೆಯೇ? ನಗಬೇಡಿ. ಒಂದೇ ಹುಡುಗಿಯ ಹೆಸರು ಒಂದು ಕಡೆ ತಂದೆಯ ಹೆಸರಿನೊಂದಿಗೆ, ಇನ್ನೊಂದು ಕಡೆ ಬರೀ ಇನಿಷಿಯಲ್‌ನೊಂದಿಗೆ, ಮತ್ತೊಂದು ಕಡೆ ಒಂದು ಅಕ್ಷರ ಹೆಚ್ಚಾಗಿ ಇರುವುದು ನಮ್ಮಲ್ಲಿ ಎಷ್ಟು ಸಾಮಾನ್ಯ! ಹಾಗಿದ್ದಾಗ ವಿದ್ಯಾರ್ಥಿವೇತನದ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಗೆ ನೋಂದಣಿ ಆಗುವ ಮುನ್ನ ಸರಿಪಡಿಸಿದರೆ ಸುಲಭ, ಅಂಕಪಟ್ಟಿ ಮುದ್ರಣವಾದ ಬಳಿಕ ಅಲೆದಾಟ. ಪ್ರತಿಭೆಯಿದ್ದೂ ಒಂದು ಅಕ್ಷರದಿಂದ ನೆರವು ಕಳೆದುಕೊಳ್ಳುವುದು ನಮ್ಮ ಕಾಲದ ಒಂದು ಕ್ರೂರ ವಿಪರ್ಯಾಸ.

ಎರಡನೆಯ ಮನೆ: ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು ತಂದೆಯಾ? ಮೂರನೆಯದು: ಎಂಟನೆಯ ತರಗತಿಯಲ್ಲಿದ್ದರೆ ಎನ್‌ಎಂಎಂಎಸ್ ಪರೀಕ್ಷೆಗೆ ಹೆಸರು ಕೊಟ್ಟೆಯಾ? ಸರಕಾರಿ ಮತ್ತು ಅನುದಾನಿತ ಶಾಲೆಗಳ, ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗಾಗಿ ಇರುವ ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ನಾಲ್ಕನೆಯದು: ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ನಿಗದಿತ ನಮೂನೆಯ ಪ್ರಮಾಣಪತ್ರ ಮಾಡಿಸಿದೆಯಾ? ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಈ ಎರಡಕ್ಕೂ ಪ್ರತ್ಯೇಕ ಮೀಸಲಾತಿಯಿದೆ. ಕುರುಡುಮಲೆಯ ಶಾಲೆಯಲ್ಲಿ ಓದಿದ್ದು ಕೀಳರಿಮೆ ಪಡಬೇಕಾದ ಸಂಗತಿಯಲ್ಲ, ಅದೊಂದು ಅರ್ಹತೆ. ಇದನ್ನು ಎಷ್ಟು ಮಕ್ಕಳಿಗೆ ನಾವು ಹೇಳಿದ್ದೇವೆ?

ಐದನೆಯ ಮನೆ ನಮಗೆ ಬಹಳ ಪ್ರಿಯವಾದದ್ದು. ಒಬ್ಬ ವೃತ್ತಿನಿರತರನ್ನು ಭೇಟಿಯಾಗಿ ಐದು ಪ್ರಶ್ನೆ ಕೇಳಿ ಬಾ. ಲೈನ್‌ಮನ್ ಆಗಿರಲಿ, ಪ್ರಯೋಗಾಲಯದ ತಂತ್ರಜ್ಞೆ ಆಗಿರಲಿ, ರೇಷ್ಮೆ ಇಲಾಖೆಯ ಅಧಿಕಾರಿ ಆಗಿರಲಿ. ಏನು ಓದಿದಿರಿ, ಈ ಕೆಲಸ ಹೇಗೆ ಸಿಕ್ಕಿತು, ಇದರಲ್ಲಿ ಕಷ್ಟ ಯಾವುದು, ನಿಮ್ಮ ಮಗಳು ಇದೇ ಕೆಲಸಕ್ಕೆ ಬಂದರೆ ಸಂತೋಷವೇ, ನಾನು ಇಂದಿನಿಂದ ಏನು ಮಾಡಬೇಕು? ಈ ಐದು ಪ್ರಶ್ನೆಗಳಿಗೆ ಸಿಗುವ ಉತ್ತರವನ್ನು ಯಾವ ಗಣಕಯಂತ್ರವೂ ಕೊಡಲಾರದು. ಆ್ಯಪ್‌ನ ಕೆಲಸ ಮಗುವನ್ನು ಆ ಬಾಗಿಲಿನವರೆಗೆ ಕರೆದೊಯ್ಯುವುದಷ್ಟೇ.

ಇನ್ನು ಹಾವುಗಳ ಬಗ್ಗೆ. ನಮ್ಮ ಮೊದಲ ಪಟದಲ್ಲಿ ಪರೀಕ್ಷೆಯಲ್ಲಿ ಅನುತ್ತೀರ್ಣನಾದರೆ ದೊಡ್ಡ ಹಾವೊಂದು ಬಾಯ್ದೆರೆದು ಕಾಯುತ್ತಿತ್ತು. ಹೊಸ ಪಟದಲ್ಲಿ ಅದನ್ನು ಅಳಿಸಿದ್ದೇವೆ. ಯಾಕೆಂದರೆ ಅದು ಸತ್ಯವಲ್ಲ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ. ಅನುತ್ತೀರ್ಣತೆ ಈಗ ಒಂದು ತಂಗುದಾಣ ಮಾತ್ರ. ನಿಮ್ಮದೇ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಹೊಟ್ಟೆಪಾಡಿಗಾಗಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ಪತ್ರಿಕೋದ್ಯಮಕ್ಕೆ ಬಂದು, ಕನ್ನಡದ ಮಹಾನ್ ಲೇಖಕರಲ್ಲಿ ಒಬ್ಬರಾದರು. 1974ರಲ್ಲಿ ದೇಶ ಅವರಿಗೆ ಪದ್ಮಭೂಷಣ ನೀಡಿತು. ಎಲ್ಲರೂ ಡಿವಿಜಿ ಆಗುತ್ತಾರೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ಪರೀಕ್ಷೆಯ ಫಲಿತಾಂಶವನ್ನು ಬದುಕಿನ ತೀರ್ಪು ಎಂದು ಮಗುವಿಗೆ ಕಲಿಸುವ ಆಟವನ್ನು ಡಿವಿಜಿಯವರ ತಾಲೂಕಿನಲ್ಲಿ ಕುಳಿತು ನಾವು ರಚಿಸಬಾರದು.

ಹಾಗೆಯೇ ಏಣಿಗಳೂ ನಾವು ಎಣಿಸಿದ್ದಕ್ಕಿಂತ ಹೆಚ್ಚಿವೆ. ಐಟಿಐ ಎಂದರೆ ಓದು ಮುಗಿದಂತೆ ಎಂಬ ತಪ್ಪು ಕಲ್ಪನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಎರಡು ವರ್ಷಗಳ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಈ ಪಕ್ಕದ ಏಣಿ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ಅದೇ ರೀತಿ, ಟೊಮೆಟೊ, ಮಾವು, ರೇಷ್ಮೆಗಳಿಂದಲೇ ಗುರುತಿಸಲ್ಪಡುವ ಈ ಜಿಲ್ಲೆಯ ರೈತನ ಮಗಳಿಗೆ, ಕೋಲಾರದಲ್ಲೇ ತೋಟಗಾರಿಕಾ ಮಹಾವಿದ್ಯಾಲಯವಿದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯನ್ನು ಕಲಿಸುವ ಮಹಾವಿದ್ಯಾಲಯವಿದೆ, ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಇದೆ ಎಂದು ಹೇಳಬೇಕಾದವರು ಯಾರು?

ಇಲ್ಲಿ ನಾವು ಇನ್ನೊಂದು ಎಚ್ಚರಿಕೆಯ ಮಾತನ್ನು ಹೇಳಬೇಕಾಗಿದೆ. ವೃತ್ತಿ ಮಾರ್ಗದರ್ಶನದ ಹೆಚ್ಚಿನ ಆ್ಯಪ್‌ಗಳು ಮೊದಲಿಗೆ ಒಂದು ಅಭಿರುಚಿ ಪರೀಕ್ಷೆ ಕೊಡುತ್ತವೆ. ಅದರ ಹಿಂದೆ ಸಾಮಾನ್ಯವಾಗಿ ಜಾನ್ ಹಾಲೆಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲಿ ಮಂಡಿಸಿದ ಸಿದ್ಧಾಂತವಿರುತ್ತದೆ. ಮನುಷ್ಯರ ಒಲವುಗಳನ್ನು ಆರು ಬಗೆಗಳಾಗಿ ವಿಂಗಡಿಸಿ, ಅದಕ್ಕೊಪ್ಪುವ ವೃತ್ತಿಯನ್ನು ಸೂಚಿಸುವ ವಿಧಾನವದು. ಸ್ವತಃ ತನ್ನನ್ನು ಅರಿಯಲು ಅದು ನೆರವಾಗಬಹುದು. ಆದರೆ ಯಂತ್ರಗಳೆಂದರೆ ಇಷ್ಟ ಎಂದು ಒಬ್ಬ ಹುಡುಗ ಹೇಳುವುದು ಅವನು ಬಾಲ್ಯದಿಂದ ಯಂತ್ರಗಳನ್ನು ಮಾತ್ರ ನೋಡಿರುವುದರಿಂದ ಇರಬಹುದಲ್ಲವೇ? ಪ್ರಯೋಗಾಲಯವನ್ನೇ ನೋಡದವನಿಗೆ ಸಂಶೋಧನೆ ಇಷ್ಟವೇ ಎಂದು ಕೇಳಿದರೆ ಏನು ಉತ್ತರಿಸಬೇಕು? ಗ್ಯಾರೇಜಿನವನ ಮಗ ಗ್ಯಾರೇಜಿಗೆ ಎಂದು ಹೇಳಲು ಆ್ಯಪ್ ಬೇಕಾಗಿಲ್ಲ, ಸಮಾಜ ಅದನ್ನು ಬಹಳ ಕಾಲದಿಂದ ಹೇಳುತ್ತಲೇ ಬಂದಿದೆ. ಆದ್ದರಿಂದ ನಮ್ಮ ಪಟದಲ್ಲಿ ಪರೀಕ್ಷೆ ಕೊನೆಗೆ ಬರುತ್ತದೆ, ಆರಂಭಕ್ಕಲ್ಲ. ಮೊದಲು ನೋಡು, ಕೇಳು, ಆಮೇಲೆ ನಿನ್ನ ಒಲವನ್ನು ಹೇಳು. ಅದರ ಫಲಿತಾಂಶವೂ ತೀರ್ಪಾಗಿ ಬರುವುದಿಲ್ಲ, ಇನ್ನೂ ಮೂರು ದಾರಿಗಳನ್ನು ನೋಡಿದೆಯಾ ಎಂಬ ಪ್ರಶ್ನೆಯಾಗಿ ಬರುತ್ತದೆ.

ಗ್ಯಾರೇಜಿನ ಕೆಲಸ ಕೀಳೆಂದು ನಾವು ಹೇಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ದುಡಿದು ತಿನ್ನುವ ಯಾವ ಕೈಯೂ ಕೀಳಲ್ಲ. ಆದರೆ ವಿದ್ಯುತ್ ವಾಹನಗಳು ಬರುತ್ತಿರುವ ಈ ಕಾಲದಲ್ಲಿ ತಂದೆಯ ಗ್ಯಾರೇಜಿಗೂ ಓದಿದ ಮಗ ಬೇಕಾಗುತ್ತಾನೆ. ವೃತ್ತಿಗಳು ಶಾಶ್ವತವಲ್ಲ ಎಂಬ ಪಾಠವನ್ನು ಈ ಜಿಲ್ಲೆಗಿಂತ ಚೆನ್ನಾಗಿ ಬಲ್ಲವರು ಯಾರು? ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆದ ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯನ್ನೇ ನಂಬಿದ್ದ ಮನೆಗಳ ಮಕ್ಕಳು ಕೆಲಸಕ್ಕಾಗಿ ರೈಲು ಹಿಡಿದು ಬೆಂಗಳೂರಿಗೆ ದಿನವೂ ಹೋಗಿ ಬರುವಂತಾಯಿತು. ಆದ್ದರಿಂದ ನಮ್ಮ ಆಟ ಉದ್ಯೋಗ ಸಿಕ್ಕಿದ ಮನೆಯಲ್ಲಿ ಮುಗಿಯುವುದಿಲ್ಲ. ನೇಮಕಾತಿ ಪತ್ರವನ್ನು ಓದಿದೆಯಾ, ನೀನು ಕಂಪೆನಿಯ ನೌಕರನೋ ಗುತ್ತಿಗೆದಾರನ ಕಾರ್ಮಿಕನೋ, ಭವಿಷ್ಯನಿಧಿ ಮತ್ತು ಇಎಸ್‌ಐ ಕಡಿತವಾಗುತ್ತಿದೆಯೇ ಎಂಬ ಮನೆಗಳೂ ಇವೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ವೇತನದ ವಿಚಾರದಲ್ಲಿ ಕಾರ್ಮಿಕರ ಆಕ್ರೋಶ ಹಿಂಸೆಗೆ ತಿರುಗಿದ್ದನ್ನು ನೀವು ಮರೆತಿರಲಾರಿರಿ. ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ಆದರೆ ತನ್ನ ವೇತನ ಚೀಟಿಯನ್ನು ಓದಲು ಮತ್ತು ಕಾನೂನಿನ ಬಾಗಿಲು ತಟ್ಟಲು ಬಲ್ಲ ಯುವಕ ಕಲ್ಲೆತ್ತಿಕೊಳ್ಳಬೇಕಾದ ಅಗತ್ಯವಿಲ್ಲ.

ಇನ್ನು ಮೊಬೈಲ್ ಯಾರದು ಎಂಬ ಪ್ರಶ್ನೆ. ಮಗನ ಕೈಗೆ ಸಿಗುವಷ್ಟು ಸುಲಭವಾಗಿ ಮಗಳ ಕೈಗೆ ಫೋನ್ ಸಿಗುವುದಿಲ್ಲ ಎಂಬ ವಾಸ್ತವವನ್ನು ನಾವು ಒಪ್ಪಿಕೊಳ್ಳೋಣ. ತಂದೆ ಕೆಲಸದಿಂದ ಬಂದ ನಂತರ ಅರ್ಧ ಗಂಟೆ, ಅದೂ ಎಲ್ಲರ ಮುಂದೆ. ದಿನವೂ ತೆರೆಯದಿದ್ದರೆ ಅಂಕ ಕಳೆಯುವ ಆಟದಲ್ಲಿ ಆಕೆ ಆಟ ಆರಂಭವಾಗುವ ಮುನ್ನವೇ ಸೋತಿರುತ್ತಾಳೆ. ಆದ್ದರಿಂದ ವಾರಕ್ಕೊಮ್ಮೆ ಹತ್ತು ನಿಮಿಷ ಸಾಕಾಗುವಂತೆ ನಾವು ಅದನ್ನು ವಿನ್ಯಾಸಗೊಳಿಸುತ್ತಿದ್ದೇವೆ. ಇಂಟರ್‌ನೆಟ್ ಇಲ್ಲದೆಯೂ ಅದು ನಡೆಯಬೇಕು. ಇಡೀ ಆಟ ಕಾಗದದ ಪಟವಾಗಿ ಶಾಲೆಯ ಗೋಡೆಯ ಮೇಲೂ ಇರಬೇಕು, ಫೋನೇ ಇಲ್ಲದ ಮಗುವೂ ಆಡಬೇಕು. ಭಾಷೆಯ ಮಾತೂ ಹಾಗೆಯೇ. ಆಂಧ್ರದ ಗಡಿಯಲ್ಲಿರುವ ಈ ತಾಲೂಕಿನಲ್ಲಿ ಮಗು ಮನೆಯಲ್ಲಿ ತೆಲುಗು ಅಥವಾ ಉರ್ದು ಮಾತನಾಡುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ, ಆ್ಯಪ್ ತೆರೆದರೆ ಇಂಗ್ಲಿಷ್ ಇದಿರಾಗುತ್ತದೆ. ಮೂರು ಹೊಸ್ತಿಲು ದಾಟಿ ಬರುವ ಮಗುವಿಗೆ ನಾಲ್ಕನೆಯ ಹೊಸ್ತಿಲನ್ನು ಕಟ್ಟುವವರು ನಾವಾಗಬಾರದು. ಬರಹ ಕನ್ನಡದಲ್ಲಿರಲಿ, ಓದು ಬಾರದ ತಾಯಿಗೂ ಕೇಳಿಸುವಂತೆ ಧ್ವನಿ ಮನೆಮಾತಿನಲ್ಲಿರಲಿ. ತಾಯಿಗೆ ಅರ್ಥವಾಗದ ದಾರಿಯಲ್ಲಿ ಮಗಳನ್ನು ಕಳುಹಿಸಲು ಯಾವ ತಾಯಿ ಒಪ್ಪುತ್ತಾಳೆ?

ಇಷ್ಟೆಲ್ಲಾ ಮಾಡಲು ಹಣ ಬೇಕು. ಈ ಮಧ್ಯೆ ನಮ್ಮ ಬಳಿಗೆ ಒಂದು ಪ್ರಸ್ತಾಪವೂ ಬಂತು. ತರಬೇತಿ ನೀಡುವ ಖಾಸಗಿ ಸಂಸ್ಥೆಯೊಂದು ಖರ್ಚಿನ ಬಹುಪಾಲು ಭರಿಸಲು ಸಿದ್ಧವಿತ್ತು. ಷರತ್ತು ಇಷ್ಟೇ. ಪಟದ ಎತ್ತರದ ಏಣಿಯೊಂದಕ್ಕೆ ಆ ಸಂಸ್ಥೆಯ ಹೆಸರಿಡಬೇಕು, ಮಕ್ಕಳ ದೂರವಾಣಿ ಸಂಖ್ಯೆಗಳನ್ನು ಅವರಿಗೆ ಕೊಡಬೇಕು. ನಮ್ಮೊಳಗೆ ದೀರ್ಘ ಚರ್ಚೆಯಾಯಿತು. ಹಣವಿಲ್ಲದೆ ಕೆಲಸ ನಿಂತರೆ ಯಾರಿಗೆ ಲಾಭ ಎಂದು ಕೇಳಿದವರೂ ನಮ್ಮಲ್ಲಿದ್ದರು, ಅವರ ಮಾತಿನಲ್ಲಿ ಅರ್ಥವಿರಲಿಲ್ಲವೆಂದು ಹೇಳಲಾರೆವು. ಆದರೆ ಏಣಿಯನ್ನು ಮಾರಾಟಕ್ಕಿಟ್ಟ ದಿನ ಅದು ಮಾರ್ಗದರ್ಶನವಾಗಿ ಉಳಿಯುವುದಿಲ್ಲ, ಜಾಹೀರಾತಾಗುತ್ತದೆ. ನಾವು ಒಪ್ಪಲಿಲ್ಲ. ಅದರಿಂದ ಕೆಲಸ ನಿಧಾನವಾಗಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇವೆ.

ಮಕ್ಕಳ ಮಾಹಿತಿ ಮಾರಾಟದ ಸರಕಲ್ಲ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ 18 ವರ್ಷಕ್ಕಿಂತ ಕೆಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿಷೇಧಿಸುತ್ತದೆ. 2025ರ ಆಗಸ್ಟ್‌ನಲ್ಲಿ ಹಣ ಪಣವಿಡುವ ಆನ್‌ಲೈನ್ ಆಟಗಳನ್ನೂ ಕಾನೂನಿನ ಮೂಲಕ ನಿಷೇಧಿಸಲಾಯಿತು. ಅಲ್ಲಿಯವರೆಗೆ ಎಷ್ಟು ಯುವಕರು ಆ ಹೊಂಡಕ್ಕೆ ಬಿದ್ದರೆಂಬುದನ್ನು ನಾವು ಕಂಡಿದ್ದೇವೆ. ಆ ಆಟಗಳು ಬಳಸಿದ್ದು ಇದೇ ಪದಕ, ಇದೇ ದಿನದ ಬಹುಮಾನ, ಇದೇ ಶ್ರೇಯಾಂಕ ಪಟ್ಟಿ. ಚೂರಿ ಒಂದೇ, ಅದನ್ನು ಹಿಡಿದ ಕೈ ಬೇರೆ. ಆದ್ದರಿಂದಲೇ ಹಿಡಿಯುವ ಕೈಯನ್ನು ಪ್ರಶ್ನಿಸುವ ಹಕ್ಕು ನಿಮಗಿರಬೇಕು, ನಮ್ಮ ಕೈಯನ್ನೂ ಸೇರಿಸಿ.

ಕೊನೆಯದಾಗಿ, ಆಳುವವರಿಗೆ ಸಂಬಂಧಿಸಿದ ಒಂದು ಮಾತು. ಆ್ಯಪ್ ಇದೆಯೆಂಬ ನೆಪದಲ್ಲಿ ಸರಕಾರ ತನ್ನ ಹೊಣೆಗಾರಿಕೆಯಿಂದ ನುಣುಚಿಕೊಳ್ಳುವಂತಾಗಬಾರದು. ಸಂಶೋಧನೆಯ ಹಂತ ತಲುಪಿದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗಾಗಿ ಇದ್ದ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದೇ ವರ್ಷ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನದಿಂದ ಎಂಟನೆಯ ತರಗತಿಯವರೆಗಿನ ಮಕ್ಕಳನ್ನು ಕೈಬಿಟ್ಟಿತು. ನಮ್ಮ ಪಟದಲ್ಲಿ ಈ ಮನೆಗಳನ್ನು ನಾವು ಬರೆದಿದ್ದೆವು, ಹಳೆಯ ಕೈಪಿಡಿಯೊಂದನ್ನು ನಂಬಿ. ಆಮೇಲೆ ಅಳಿಸಬೇಕಾಯಿತು. ಇಲ್ಲದ ಏಣಿಯನ್ನು ತೋರಿಸುವುದು ಹಾವಿಗಿಂತಲೂ ಅಪಾಯಕಾರಿ. ಅದಕ್ಕಾಗಿ, ಪ್ರತಿ ಮನೆಯ ಕೆಳಗೆ ಆ ಮಾಹಿತಿಯನ್ನು ಯಾವ ದಿನ ಪರಿಶೀಲಿಸಲಾಗಿದೆಯೆಂದು ನಮೂದಿಸುವ ನಿಯಮ ಮಾಡಿದ್ದೇವೆ. ಆದರೆ ಏಣಿಯನ್ನೇ ಎತ್ತಿಕೊಂಡು ಹೋದ ಮೇಲೆ ಪಟವನ್ನು ಎಷ್ಟು ಚೆಂದವಾಗಿ ಬಿಡಿಸಿದರೇನು? ಇರುವ ಏಣಿಗಳನ್ನು ಹತ್ತುವುದು ಮಕ್ಕಳ ಕೆಲಸ. ಕಳೆದುಹೋದ ಏಣಿಗಳ ಬಗ್ಗೆ ಪ್ರಶ್ನಿಸುವುದು ಮತ ಹಾಕುವ ನಮ್ಮೆಲ್ಲರ ಕೆಲಸ.

ಪೋಷಕರೇ, ನಿಮ್ಮಿಂದ ನಾವು ಹಣ ಕೇಳಲು ಬಂದಿಲ್ಲ. ಮೂರು ವಿಷಯಗಳನ್ನು ಕೇಳುತ್ತೇವೆ. ಇಂದು ಮನೆಗೆ ಹೋದ ಮೇಲೆ ಮಗುವಿನ ಆಧಾರ್ ಮತ್ತು ಶಾಲೆಯ ದಾಖಲೆಯನ್ನು ಪಕ್ಕ ಪಕ್ಕ ಇಟ್ಟು ಹೆಸರನ್ನು ಓದಿ. ನೀವು ಮಾಡುವ ಕೆಲಸದ ಬಗ್ಗೆ ಐದು ಪ್ರಶ್ನೆ ಕೇಳಲು ನೆರೆಮನೆಯ ಮಗು ಬಂದರೆ ಹತ್ತು ನಿಮಿಷ ಕೊಡಿ. ಮಗಳ ಕೈಗೆ ವಾರಕ್ಕೆ ಹತ್ತು ನಿಮಿಷ ಫೋನ್ ಕೊಡಿ, ಪಕ್ಕದಲ್ಲಿ ನೀವೂ ಕುಳಿತುಕೊಳ್ಳಿ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು ಎಂದು ತಿಳಿದವರು ಹೇಳುತ್ತಾರೆ. ಬಾಗಿಲು ಇರುವುದು ದಾಟಿ ಹೋಗಲಿಕ್ಕೆ, ಅದರ ಮುಂದೆ ಕುಳಿತು ಅದನ್ನೇ ನೋಡುತ್ತಿರಲಿಕ್ಕಲ್ಲ. ನಮ್ಮ ಆ್ಯಪ್ ಕೂಡ ಒಂದು ಬಾಗಿಲು ಮಾತ್ರ. ಅದನ್ನು ಎಷ್ಟು ಮಂದಿ ಎಷ್ಟು ಹೊತ್ತು ನೋಡಿದರು ಎಂಬುದರಿಂದ ನಮ್ಮನ್ನು ಅಳೆಯಬೇಡಿ. ಪಟ್ಟಿಯ ಕೊನೆಯಲ್ಲಿದ್ದು ಮನೆಗೆ ಮರಳಿದ ಆ ಹುಡುಗ ಮತ್ತೆ ಬಂದು, ತನ್ನ ದಾರಿಯನ್ನು ಕಂಡುಕೊಂಡು, ಇನ್ನು ನಿಮ್ಮ ಆಟ ನನಗೆ ಬೇಡ ಎಂದು ಫೋನ್ ಕೆಳಗಿಟ್ಟರೆ ಅಂದು ನಾವು ಗೆದ್ದೆವೆಂದು ತಿಳಿಯುತ್ತೇವೆ. ಅವನ ಮನೆಗೆ ನಾವು ಹೋಗಿ ಬಂದಿದ್ದೇವೆ. ಬರುತ್ತೇನೆ ಎಂದಿದ್ದಾನೆ. ನಾವು ಕಾಯುತ್ತಿದ್ದೇವೆ.